ಅಲಗು ಹೆರೆಯುವ ಕೈ

ನಮ್ಮಜ್ಜಿಯ ಈಳಿಗೆಮಣೆಯನ್ನು ಹಾಳುಮಾಡಿದವಳು ನಾನೇ. ನನಗಾಗ ಹದಿನಾರು ವರ್ಷ. ಹಬ್ಬದ ಹಿಂದಿನ ದಿನ ಕುಂಬಳಕಾಯಿ ಹೆಚ್ಚಲು ಕೂತರೆ ಅಲಗು ಓಡಲೊಲ್ಲದು. ಬೀದಿಯ ಕೊನೆಯಲ್ಲಿ ಕರೆಂಟಿನ ಸಾಣೆ ಇಟ್ಟುಕೊಂಡಿದ್ದವನ ಬಳಿ ಒಯ್ದೆ. ಸುರುಸುರುಬತ್ತಿಯ ಹಾಗೆ ಕಿಡಿ ಹಾರಿತು. ಎರಡೇ ನಿಮಿಷದಲ್ಲಿ ಅಲಗು ಮಿರಮಿರ ಮಿಂಚಿತು. ಅಂಚಿನುದ್ದಕ್ಕೂ ನವಿಲಿನ ಕುತ್ತಿಗೆಯಂಥ ನೀಲಿ ಬಣ್ಣ. ಹೆಮ್ಮೆಯಿಂದ ತಂದು ತೋರಿಸಿದೆ. ಅಜ್ಜಿ ಹೆಬ್ಬೆರಳಿನಿಂದ ಸವರಿ ನೋಡಿ, "ಬಣ್ಣ ಬಂದಿದೆ ಕಣೇ, ಜೀವ ಹೋಗಿದೆ" ಎಂದರು. ಮೂರನೆಯ ದಿನಕ್ಕೇ ಅದು ಟೊಮೆಟೋ ಸಿಪ್ಪೆಯ ಮೇಲೆ ಜಾರತೊಡಗಿತು.

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಹಬ್ಬಕ್ಕೆ ಬಂದವರು ಅಲಗನ್ನು ಬೆಳಕಿಗೆ ಹಿಡಿದು ನೋಡಿದರು. ಉಕ್ಕು ಸಾಣೆಯ ಬಿಸಿಗೆ 300 ಡಿಗ್ರಿಯ ಆಸುಪಾಸು ತಲುಪಿದರೆ ನೀಲಿಯಾಗುತ್ತದಂತೆ, ಕಮ್ಮಾರ ಕೊಟ್ಟ ಹದ ಅಲ್ಲಿಗೆ ಕೆಡುತ್ತದಂತೆ. ನನ್ನನ್ನು ಬಯ್ಯಲಿಲ್ಲ. ಸವೆದುಹೋದ ಅರವೊಂದನ್ನು ತೆಗೆದುಕೊಂಡು, ಅದರ ಒಂದು ಅಂಚಿನ ಹಲ್ಲುಗಳನ್ನು ನೀರು ಹಾಕಿ ಹಾಕಿ ಕಲ್ಲಿನ ಮೇಲೆ ಉಜ್ಜಿ ನೇರ ಮಾಡಿದರು. ಎರಡು ತುದಿಗೂ ಹಳೆಯ ಸೈಕಲ್ ಟ್ಯೂಬು ಸುತ್ತಿದರು. "ಕಾರ್ಖಾನೆಯಲ್ಲಿ ಸ್ಕ್ರೇಪರ್ ಮಾಡಿಕೊಳ್ಳುವುದೂ ಹೀಗೇ, ಹಳೆಯ ಅರದಿಂದ" ಎಂದರು.

ಅಲಗನ್ನು ಕಮ್ಮಾರರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ರಾತ್ರಿಯೆಲ್ಲ ಬೂದಿಯಲ್ಲಿ ಹೂತಿಟ್ಟರು. ನಿಧಾನವಾಗಿ ಆರಿದ ಉಕ್ಕು ಮೆತ್ತಗಾಗುತ್ತದೆ. ಬೆಳಿಗ್ಗೆ ಅದನ್ನು ಹಲಗೆಗೆ ಬಿಗಿದು, ಅಪ್ಪ ಎರಡೂ ಕೈಯಿಂದ ಅರವನ್ನು ಹಿಡಿದು ತಮ್ಮತ್ತ ಎಳೆದರು. ಕಿಡಿಯಿಲ್ಲ, ದೂಳಿಲ್ಲ. ಶಾವಿಗೆಯ ಚೂರಿನಂಥ ಸಣ್ಣ ಸುರುಳಿಗಳು ಉದುರಿದವು. ನಾವು ತೆಂಗಿನಕಾಯಿ ಹೆರೆಯುತ್ತೇವಲ್ಲ, ಅವರು ಉಕ್ಕು ಹೆರೆಯುತ್ತಿದ್ದರು! ಅಂಚು ತೆಳ್ಳಗಾದ ಮೇಲೆ ಕಮ್ಮಾರರು ಮತ್ತೆ ಕಾಯಿಸಿ, ನೀರಿಗದ್ದಿ, ಹದ ಕೊಟ್ಟರು. ಅಜ್ಜಿ ಇನ್ನೊಮ್ಮೆ ಸವರಿ ನೋಡಿ, ಏನೂ ಹೇಳದೆ ಕುಂಬಳಕಾಯಿ ಎಳೆದುಕೊಂಡರು.

ಎಷ್ಟೋ ವರ್ಷಗಳ ನಂತರ ಊರಿನ ಗ್ರಂಥಾಲಯದಲ್ಲಿ ಜಪಾನಿನ ಕತ್ತಿಗಳ ಮೇಲಿನ ಪುಸ್ತಕವೊಂದನ್ನು ತಿರುವುತ್ತಿದ್ದಾಗ ಒಂದು ಚಿತ್ರ ಕಂಡು ಕೈ ನಿಂತಿತು. ಕಮ್ಮಾರನೊಬ್ಬ ಅಪ್ಪನಂತೆಯೇ ಬಾಗಿ ಕೂತಿದ್ದಾನೆ. ಕೈಯಲ್ಲಿ ಎರಡು ಹಿಡಿಯ ಉಕ್ಕಿನ ಪಟ್ಟಿ. ಅದರ ಹೆಸರು 'ಸೆನ್'.

ಜಪಾನಿನ ಕತ್ತಿ ಎಂದೊಡನೆ ನಮಗೆ ನೆನಪಾಗುವುದು ಸಮುರಾಯ್ ವೀರರು, ಮಡಿಸಿ ಮಡಿಸಿ ಬಡಿದ ಉಕ್ಕು. ಸುತ್ತಿಗೆಯ ಕೆಲಸ ಮುಗಿದರೂ ಅಲಗಿನ ಮೇಲೆ ಏಟಿನ ಗುಳಿಗಳು ಉಳಿದಿರುತ್ತವೆ. ಅವನ್ನು ಹೆರೆದು ಮಟ್ಟ ಮಾಡುವುದು ಸೆನ್, ಆಮೇಲೆ ಅರ. ಅದಾದ ಮೇಲೆ ಅಲಗಿಗೆ ಮಣ್ಣು ಮೆತ್ತಿ, ಕಾಯಿಸಿ, ನೀರಿಗಿಳಿಸುತ್ತಾರೆ. ಒಮ್ಮೆ ನೀರು ಕಂಡ ಅಂಚಿಗೆ ಸೆನ್ ಹತ್ತುವುದಿಲ್ಲ. ಆಕಾರ ಕೊಡುವುದೆಲ್ಲ ಅಲಗು ಮೆತ್ತಗಿರುವಾಗಲೇ ಆಗಬೇಕು. ಕತ್ತಿಯ ಬೆನ್ನಿನುದ್ದಕ್ಕೂ ಇರುವ ತೋಡನ್ನು ಕೊರೆಯಲೂ ಸೆನ್ ಬೇಕು. ಗರಗಸ ಮಾಡುವವರಂತೂ ಹಾಳೆಯ ನಡುಭಾಗವನ್ನು ಹಲ್ಲಿನ ಸಾಲಿಗಿಂತ ತೆಳ್ಳಗೆ ಹೆರೆಯುತ್ತಿದ್ದುದು ಇದರಿಂದಲೇ. ಹಾಗೆ ಹೆರೆದರೆ ಗರಗಸ ಮರದಲ್ಲಿ ಸಿಕ್ಕಿಕೊಳ್ಳುವುದಿಲ್ಲ.

1868ರಲ್ಲಿ ಜಪಾನಿನ ಆಳ್ವಿಕೆ ಮೇಜಿ ಚಕ್ರವರ್ತಿಯ ಹೆಸರಿಗೆ ಬಂತು. 1876ರಲ್ಲಿ ಹೊರಟ ಆಜ್ಞೆಯೊಂದು ಸೈನಿಕರು, ಪೊಲೀಸರಂಥ ಕೆಲವರನ್ನು ಬಿಟ್ಟು ಉಳಿದವರು ಸೊಂಟಕ್ಕೆ ಕತ್ತಿ ಕಟ್ಟಿ ತಿರುಗಬಾರದೆಂದಿತು. ಸಮುರಾಯ್‌ಗಳ ಅಭಿಮಾನಕ್ಕೆ ಬಿದ್ದ ಪೆಟ್ಟನ್ನು ಚರಿತ್ರೆ ಬರೆದಿಟ್ಟಿದೆ. ಕಮ್ಮಾರರ ಮನೆಯಲ್ಲಿ ಅಂದು ಒಲೆ ಹೇಗೆ ಉರಿಯಿತೋ! ಕೊಳ್ಳುವವರಿಲ್ಲದ ಕತ್ತಿಯನ್ನು ಯಾರು ಮಾಡುತ್ತಾರೆ? ಅವರಲ್ಲಿ ಅನೇಕರು ಅಡುಗೆಮನೆಯ ಚಾಕು, ಕುಡುಗೋಲು, ಕತ್ತರಿಗಳತ್ತ ತಿರುಗಿದರು. ಕತ್ತಿಗೆ ಹೆಸರಾದ ಸೆಕಿ ಊರು ಇಂದಿಗೂ ಚಾಕು ಕತ್ತರಿಗಳಿಗೆ ಪ್ರಸಿದ್ಧ. ಸಕಾಯ್ ಊರಿನವರು ಇನ್ನೂ ಹಿಂದೆಯೇ, ಪೋರ್ಚುಗೀಸರ ಕಾಲದಲ್ಲಿ ಬಂದ ಹೊಗೆಸೊಪ್ಪನ್ನು ಹೆಚ್ಚುವ ಚಾಕುಗಳಿಂದ ಹೆಸರು ಪಡೆದಿದ್ದರು.

ರಣರಂಗಕ್ಕೆ ಬೇಡವಾದ ವಿದ್ಯೆಯನ್ನು ಹೀಗೆ ಅಡುಗೆಮನೆ ಕೈಹಿಡಿಯಿತು. ರಾಜರು ಬದಲಾಗಬಹುದು, ಕಾಯಿದೆ ಬದಲಾಗಬಹುದು. ಸಂಜೆಗೆ ಮೂಲಂಗಿ ಹೆಚ್ಚುವುದು ತಪ್ಪುತ್ತದೆಯೇ? ಶತ್ರುವಿನ ಕತ್ತು ಕೊಯ್ಯುವ ಅಲಗಿಗೂ ಮೀನು ಕೊಯ್ಯುವ ಅಲಗಿಗೂ ಹೆರೆಯುವ ಕೈ ಒಂದೇ.

ಕತ್ತಿಗೆ ಇನ್ನೊಂದು ಪೆಟ್ಟು ಬಿದ್ದದ್ದು 1945ರಲ್ಲಿ, ಜಪಾನು ಸೋತಾಗ. ಗೆದ್ದವರು ಕತ್ತಿ ಮಾಡುವುದನ್ನೇ ನಿಲ್ಲಿಸಿದರು. ಮುಂದೆ ಅನುಮತಿ ಸಿಕ್ಕಿತಾದರೂ ಪರವಾನಗಿ ಬೇಕು. ಅದಕ್ಕೆ ಗುರುವಿನ ಬಳಿ ಕನಿಷ್ಠ 5 ವರ್ಷ ಕಲಿತಿರಬೇಕು. ಅವರ ಕುಲುಮೆಗಳಲ್ಲಿ ಸೆನ್ ಇನ್ನೂ ಉಂಟು. ಆದರೆ ದಿನಬಳಕೆಯ ಚಾಕು ಗರಗಸಗಳ ಕೆಲಸ ಬಹುಮಟ್ಟಿಗೆ ಸಾಣೆ ಯಂತ್ರಗಳ ಪಾಲಾಯಿತು. ಆಜ್ಞೆಗೆ ಸೋಲದ ಸಲಕರಣೆ ಅವಸರಕ್ಕೆ ಸೋತಿತು. ನಾನೂ ಹಬ್ಬದ ಅವಸರದಲ್ಲೇ ಅಲ್ಲವೇ ಆ ಸಾಣೆಯವನ ಮುಂದೆ ನಿಂತದ್ದು?

ಅಪ್ಪನಿಗೆ ಆ ಚಿತ್ರ ತೋರಿಸಬೇಕೆನ್ನಿಸಿತು. ಅಷ್ಟರಲ್ಲಿ ಅವರು ಹೋಗಿ ಎರಡು ವರ್ಷವಾಗಿತ್ತು. ಜಪಾನಿನ ಕಮ್ಮಾರ ಕತ್ತಿಯ ಹಿಡಿಯೊಳಗೆ ತನ್ನ ಹೆಸರು ಕೆತ್ತುತ್ತಾನೆ. ಅಪ್ಪನ ಸ್ಕ್ರೇಪರಿನ ಮೇಲೆ ಯಾವ ಹೆಸರೂ ಇಲ್ಲ; ಒಂದು ಬದಿಯಲ್ಲಿ ಅರದ ಹಲ್ಲು ಮಾತ್ರ ಕೈಗೆ ತಾಕುತ್ತದೆ. ನನ್ನ ಅಡುಗೆಮನೆಯ ಡ್ರಾಯರಿನಲ್ಲಿ, ಸೌಟುಗಳ ಕೆಳಗೆ ಅದು ಇದೆ. ಅಜ್ಜಿಯ ಈಳಿಗೆಮಣೆಯೂ ಇದೆ. ಮಗಳಿಗೆ ಒಂದೇ ಮಾತು ಹೇಳಿಟ್ಟಿದ್ದೇನೆ: ಅದನ್ನು ಕರೆಂಟಿನ ಸಾಣೆಗೆ ಮಾತ್ರ ಒಯ್ಯಬೇಡ.