ಕಿವಿಯತ್ತ ಹೋಗುವ ಕೈ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ನೋಡಿಕೊಂಡು ಬಂದ ರಾತ್ರಿ ಚಳ್ಳಕೆರೆಯ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಅವಳ ಎಂಟು ತಿಂಗಳ ಮಗನಿಗೆ ನೆಗಡಿ, ಮೈಬಿಸಿ. ಎರಡು ಗುಟುಕು ಹಾಲು ಕುಡಿದು ಬಾಯಿ ಬಿಟ್ಟು ಚೀರುತ್ತಿದ್ದ. ಹೊಟ್ಟೆನೋವೆಂದೇ ನಾವೆಲ್ಲ ತಿಳಿದೆವು. ಅಜ್ಜಿ ಮಾತ್ರ ಅವನ ಕೈಯನ್ನೇ ನೋಡುತ್ತಿದ್ದರು.

“ಹೊಟ್ಟೆಯಲ್ಲ ಕಣವ್ವ, ಕಿವಿ ನೋವೈತೆ. ಕೈ ಎಲ್ಲಿಗ್ ಹೋಗ್ತೈತೆ ನೋಡು.”

1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನದಲ್ಲಿ, ಮಕ್ಕಳು ತಂದೆತಾಯಿಯ ಮಾತು ಕೇಳಬೇಕೆಂಬ ಬುದ್ಧಿಮಾತಿದೆ. ಮಾತೇ ಬಾರದ ಕೂಸಿನ ನೋವನ್ನು ತಂದೆತಾಯಿ ಹೇಗೆ ತಿಳಿಯಬೇಕು? ಅದಕ್ಕೂ ನಮ್ಮಲ್ಲೊಂದು ಹಳೆಯ ಬರಹವಿದೆ. ನೇಪಾಳದಲ್ಲಿ ಸಿಕ್ಕ ತಾಳೆಗರಿ ಪ್ರತಿಯಿಂದ 1938ರಲ್ಲಿ ಅಚ್ಚಾದ ‘ಕಾಶ್ಯಪ ಸಂಹಿತೆ’ ಮಕ್ಕಳ ವೈದ್ಯದ ಸಂಸ್ಕೃತ ಗ್ರಂಥ. ಅದರ ವೇದನಾಧ್ಯಾಯ ಕೂಸಿನ ಯಾವ ಚೇಷ್ಟೆ ಯಾವ ನೋವಿನ ಗುರುತು ಎಂದು ವಿವರಿಸುತ್ತದೆ. ಕೈಯಿಂದ ಕಿವಿ ಮುಟ್ಟಿಕೊಳ್ಳುವುದು, ತಲೆ ಅಲ್ಲಾಡಿಸುವುದು, ಹಾಲು ಬೇಡವಾಗುವುದು, ನಿದ್ದೆ ಬಾರದಿರುವುದು ಕಿವಿನೋವಿನ ಲಕ್ಷಣಗಳು. ಒಂದೇ ಗುರುತನ್ನು ನಂಬದೆ ನಾಲ್ಕನ್ನು ಕೂಡಿಸಿ ನೋಡುವುದು ಇಲ್ಲಿನ ಜಾಣತನ. ಹಲ್ಲು ಬರುವಾಗಲೂ ಕೂಸು ಕಿವಿ ಎಳೆದುಕೊಳ್ಳುತ್ತದಲ್ಲ!

ಓದು ಬಾರದ ನಮ್ಮಜ್ಜಿ ಅದೇ ಅಧ್ಯಾಯವನ್ನು ಕೂಸಿನ ಮೈಮೇಲೆ ಓದಿದ್ದರು.

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ಸಣ್ಣ ನಾಳಕ್ಕೆ 16ನೇ ಶತಮಾನದ ಇಟಲಿಯ ಯೂಸ್ಟೇಕಿಯ ಹೆಸರಿದೆ. ಕೂಸುಗಳಲ್ಲಿ ಇದು ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೇ ಇರುತ್ತದೆ. ನೆಗಡಿಯಾದಾಗ ಬಾತು ಕಟ್ಟಿಕೊಂಡರೆ ಒಳಗೆ ನೀರು ನಿಲ್ಲುತ್ತದೆ. ಸೋಂಕು ತಗುಲಿದರೆ ಕೀವಾಗುತ್ತದೆ. ಹಾಲು ಚೀಪುವಾಗ, ಮಲಗಿಸಿದಾಗ ಒತ್ತಡ ಬದಲಾಗಿ ನೋವು ಏರುತ್ತದೆ. ನಮ್ಮ ಕೂಸು ಹಾಲು ಬಿಟ್ಟು ಚೀರಿದ್ದು ಅದಕ್ಕೇ.

ಆದರೆ ಅಜ್ಜಿ ಆಗಲೇ ಬೆಳ್ಳುಳ್ಳಿ ಹಾಕಿ ಶೇಂಗಾ ಎಣ್ಣೆ ಬಿಸಿ ಮಾಡಲು ಎದ್ದಿದ್ದರು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಇಲ್ಲಿ ಎಣ್ಣೆಯಿಲ್ಲದ ಮದ್ದಿಲ್ಲ. ಅಕ್ಕ ತಡೆದಳು. ಬೆಳಿಗ್ಗೆ ಡಾಕ್ಟರು ದೀಪ ಹಿಡಿದು ನೋಡಿ, ತಮಟೆ ಕೆಂಪಗೆ ಉಬ್ಬಿದೆ ಎಂದರು. ಅದು ತೂತಾಗಿದ್ದರೆ ಎಣ್ಣೆ ಒಳಕಿವಿಯತ್ತ ಇಳಿದು ತೊಂದರೆ ಕೊಡುತ್ತದೆ, ಏನನ್ನೂ ಬಿಡಬೇಡಿ ಎಂದು ಔಷಧಿ ಬರೆದುಕೊಟ್ಟರು.

ಮನೆಗೆ ಬಂದ ಮೇಲೆ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮನ ಕತೆ ಹೇಳಿದರು. ಚಿಕ್ಕಂದಿನಲ್ಲಿ ಅವನ ಕಿವಿ ಸೋರುತ್ತಿತ್ತಂತೆ, ದಿನಾ ಎಣ್ಣೆ ಬಿಡುತ್ತಿದ್ದರಂತೆ. ಬೆಳೆಯುತ್ತ ಕಿವಿ ಕೇಳದಾಯಿತು, ಶಾಲೆ ಬಿಟ್ಟ, ಕುರಿ ಹಿಂದೆ ಹೋದ. “ನಮಗ್ ಯಾರ್ ಹೇಳಿದ್ರು?” ಎಂದರು.

ಸೋರಿದ ಕಿವಿಯಿಂದಲೋ ಎಣ್ಣೆಯಿಂದಲೋ, ಈಗ ಹೇಳಲಾಗದು. ಅವನ ಕಿವಿಗೆ ಶಾಸನವಿಲ್ಲ, ಆಸ್ಪತ್ರೆಯ ಚೀಟಿಯೂ ಇಲ್ಲ. ಅಜ್ಜಿಯ ನೆನಪೊಂದೇ ಆಕರ. ಮನೆಮದ್ದಿನ ಚರಿತ್ರೆ ಬರೆಯುವ ನಾವು ಅದನ್ನು ಹೊಗಳುತ್ತೇವೆ, ಇಲ್ಲವೇ ಮೌಢ್ಯವೆಂದು ತಳ್ಳುತ್ತೇವೆ. ಆ ರಾತ್ರಿ ಅಜ್ಜಿ ರೋಗ ಸರಿಯಾಗಿ ಗುರುತಿಸಿದ್ದರು, ಮದ್ದು ತಪ್ಪಾಗಿತ್ತು. ಎರಡನ್ನೂ ಒಂದೇ ಪುಟದಲ್ಲಿ ಬರೆದಿಡಬೇಕು.