ಮೊಬೈಲ್ ಗುಂಪಿನಿಂದ ಶಾಲೆಯ ಅಂಗಳಕ್ಕೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಇಲ್ಲಿ ಕನ್ನಡಕ್ಕೆ ಆಸರೆ ಮನೆಮಾತು ಮತ್ತು ಕನ್ನಡ ಮಾಧ್ಯಮ ಶಾಲೆ. ಮಕ್ಕಳು ಕಡಿಮೆಯಾದರೆ ಶಾಲೆ ಉಳಿಯದು; ನವೆಂಬರ್ ತಿಂಗಳ ಶುಭಾಶಯ ಸಂದೇಶಗಳಿಂದ ದಾಖಲಾತಿ ಏರದು.

ಮಾದರಿ: ಬೆಂಗಳೂರಿನ ‘ದಿ ಅಗ್ಲಿ ಇಂಡಿಯನ್’. 2010ರಲ್ಲಿ ಆರಂಭವಾದ ಈ ತಂಡದವರು ಹೆಸರು ಹೇಳಿಕೊಳ್ಳುವುದಿಲ್ಲ. ಫೇಸ್‌ಬುಕ್ ಮೂಲಕ ಸ್ವಯಂಸೇವಕರನ್ನು ಕೂಡಿಸಿ ಬೀದಿಯ ಕಸದ ಮೂಲೆಗಳನ್ನು ಸರಿಪಡಿಸಿದರು. ಮಾತು ಬೇಡ, ಕೆಲಸ ನಡೆಯಲಿ ಎಂಬುದೇ ಅವರ ಸೂತ್ರ.

ವಿಧಾನ:
• ಒಂದೇ ಜಾಗ ಆರಿಸಿ, ಕಸ ಯಾರು, ಏಕೆ ಹಾಕುತ್ತಾರೆಂದು ಗಮನಿಸುವುದು.
• ಅಕ್ಕಪಕ್ಕದವರನ್ನು, ಪೌರಕಾರ್ಮಿಕರನ್ನು ಜೊತೆಗೂಡಿಸಿಕೊಂಡು ಗುಡಿಸಿ, ಬಣ್ಣ ಬಳಿಯುವುದು.
• ಮೊದಲಿನ ಹಾಗೂ ನಂತರದ ಚಿತ್ರ ಹಾಕುವುದು, ಯಾರನ್ನೂ ದೂರುವುದಿಲ್ಲ.
• ಮತ್ತೆ ಹೋಗಿ ನೋಡುವುದು.

ನಮ್ಮಲ್ಲಿ: ಆದವಾನಿ, ಕೌತಾಳಂ, ಹೊಳಗುಂದ ಭಾಗದ ಸದಸ್ಯರು ತಮಗೆ ಹತ್ತಿರದ ಒಂದು ಕನ್ನಡ ಶಾಲೆಯನ್ನು ಆರಿಸಿಕೊಳ್ಳಬಹುದು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಏನು ಬೇಕೆಂದು ಅವರನ್ನೇ ಕೇಳಿ. ಬೇಸಿಗೆ ರಜೆಯಲ್ಲಿ ಮುಗಿಸಿದರೆ ಜೂನ್‌ನಲ್ಲಿ ಮಕ್ಕಳನ್ನು ಸೇರಿಸಲು ಬರುವವರ ಕಣ್ಣಿಗೆ ಬೀಳುತ್ತದೆ. ಬಣ್ಣದಿಂದ ಶಿಕ್ಷಕರು ಬರುವುದಿಲ್ಲ, ಅದಕ್ಕೆ ಅರ್ಜಿಯೇ ಬೇಕು. ಆದರೆ ಊರವರು ದುಡಿದ ಶಾಲೆಯ ಅರ್ಜಿಗೆ ಬಲ ಹೆಚ್ಚು.