ಇಂಗ್ಲೆಂಡಿನ ಹಳೆಯ ಜನಗಣತಿ: ಪೂರ್ವಜರ ಗುರುತನ್ನು ಖಚಿತಪಡಿಸಿಕೊಳ್ಳುವ ಬಗೆ

ಹೆಸರು ಸಿಕ್ಕಿದ ಮಾತ್ರಕ್ಕೆ ವ್ಯಕ್ತಿ ಸಿಕ್ಕಂತಾಗುವುದಿಲ್ಲ. ಗಡಿನಾಡಿನ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮೀನಿನ ದಾಖಲೆಯಲ್ಲಿ ಅಜ್ಜನ ಹೆಸರು ಒಂದು ಲಿಪಿಯಲ್ಲಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನ್ನೊಂದು ಲಿಪಿಯಲ್ಲಿ ಇದ್ದಾಗ, ಎರಡೂ ಒಬ್ಬರದೇ ಎಂದು ರುಜುವಾತುಪಡಿಸುವ ಕಷ್ಟವನ್ನು ನಮ್ಮ ಪೋಷಕರು ಬಲ್ಲರು. ಇದೇ ಪ್ರಶ್ನೆಯನ್ನು ಇಂಗ್ಲೆಂಡಿನವರು ಜನಗಣತಿಯ ಹಾಳೆಗಳ ನೆರವಿನಿಂದ ಬಿಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1801ರಿಂದ ಹತ್ತು ವರ್ಷಗಳಿಗೊಮ್ಮೆ ಜನಗಣತಿ ನಡೆದಿದೆ. ಆದರೆ ಪ್ರತಿಯೊಬ್ಬರ ಹೆಸರೂ ಉಳಿದುಬಂದಿರುವುದು 1841ರಿಂದ. ಆ ವರ್ಷದ ಹಾಳೆಗಳು ತೀರ ಜಿಪುಣ. ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿದ್ದುದರಿಂದ 39 ವರ್ಷದವನು 35 ಎಂದು ಕಾಣಿಸಬಹುದು. ಮನೆಯವರ ಪರಸ್ಪರ ಸಂಬಂಧ ಅಲ್ಲಿಲ್ಲ. ಹುಟ್ಟಿದ್ದು ಅದೇ ಕೌಂಟಿಯಲ್ಲಿಯೋ ಅಲ್ಲವೋ ಎಂಬುದಷ್ಟೇ ಇದೆ. 1851ರಿಂದ ಯಜಮಾನನೊಡನೆ ಇರುವ ಸಂಬಂಧ, ವೈವಾಹಿಕ ಸ್ಥಿತಿ, ವಯಸ್ಸು, ಉದ್ಯೋಗ, ಹುಟ್ಟಿದ ಪ್ಯಾರಿಷ್ ಇವೆಲ್ಲ ದಾಖಲಾದವು. 1901ರವರೆಗೆ ನಮಗೆ ದೊರೆಯುವುದು ಗಣತಿದಾರನು ನಕಲು ಮಾಡಿದ ಪುಸ್ತಕಗಳೇ ಹೊರತು ಮನೆಯವರು ತುಂಬಿಕೊಟ್ಟ ನಮೂನೆಗಳಲ್ಲ. ಅಕ್ಷರ ಬಾರದವರು ಬಾಯಲ್ಲಿ ಹೇಳಿದ್ದನ್ನು ಒಬ್ಬನು ಬರೆದು, ಮತ್ತೆ ನಕಲು ಮಾಡುವಾಗ ಹೆಸರು ಎಷ್ಟು ರೂಪ ತಾಳಬಹುದೆಂದು ಊಹಿಸಬಹುದು. 1851ರ ಗಣತಿಯಲ್ಲಿ ಲಂಡನ್ನಿನ ಡೀನ್ ಸ್ಟ್ರೀಟಿನಲ್ಲಿದ್ದ ಕಾರ್ಲ್ ಮಾರ್ಕ್ಸ್ ಅವರೇ ‘ಚಾರ್ಲ್ಸ್ ಮಾರ್ಕ್’ ಆಗಿದ್ದಾರೆ. ಅವರನ್ನು ಗುರುತಿಸಿಕೊಡುವುದು ವಿಳಾಸ ಮತ್ತು ತತ್ತ್ವಶಾಸ್ತ್ರದ ಲೇಖಕ ಎಂಬ ಉದ್ಯೋಗ.

ಹೀಗಾಗಿ ಅನುಭವಿಗಳು ಹೆಸರನ್ನಲ್ಲ, ಇಡೀ ಮನೆಯನ್ನು ಹುಡುಕುತ್ತಾರೆ. ಜಾನ್ ಸ್ಮಿತ್ ಎಂಬ ನೇಕಾರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ವಿವಾಹ 1871ರಲ್ಲಿ ಆಯಿತೆಂದಿಟ್ಟುಕೊಂಡರೆ, ವಿವಾಹ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಮತ್ತು ಉದ್ಯೋಗ ಇರುತ್ತವೆ. 1861ರ ಗಣತಿಯಲ್ಲಿ ಅಂಥ ತಂದೆಯ ಮನೆಯಲ್ಲಿ ಜಾನ್ ಎಂಬ ಹುಡುಗನಿದ್ದಾನೆಯೇ ಎಂದು ನೋಡಬೇಕು. ಒಂದೇ ಊರಿನಲ್ಲಿ ಅಂಥ ಇಬ್ಬರು ಸಿಕ್ಕರೆ ಮನಸ್ಸಿಗೆ ಒಪ್ಪಿದವನನ್ನು ಆರಿಸಿಕೊಳ್ಳುವ ಚಪಲ ಸಹಜ. ವಂಶವೃಕ್ಷಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಆಗ ಇಬ್ಬರನ್ನೂ ಮುಂದಕ್ಕೆ ಹಿಂಬಾಲಿಸಬೇಕು. ಒಬ್ಬನು ಬಾಲ್ಯದಲ್ಲಿಯೇ ತೀರಿಕೊಂಡ ನೋಂದಣಿ ದೊರೆಯಬಹುದು, ಅಥವಾ 1881ರಲ್ಲಿ ಬೇರೊಬ್ಬ ಪತ್ನಿಯೊಡನೆ ಬೇರೆ ಸಂಸಾರ ನಡೆಸುತ್ತಿರಬಹುದು. ಅವನು ನಮ್ಮವನಲ್ಲವೆಂದು ತೋರಿಸಿದ ಮೇಲೆಯೇ ಇನ್ನೊಬ್ಬನ ಪಕ್ಷಕ್ಕೆ ಬಲ ಬರುತ್ತದೆ. ಅದಕ್ಕೂ ಪೂರಕವಾದ ಇನ್ನೊಂದು ಆಧಾರ ಬೇಕು. 1837ರ ಜುಲೈ 1ರಂದು ಆರಂಭವಾದ ಜನನ ನೋಂದಣಿಯ ಪ್ರಮಾಣಪತ್ರದಲ್ಲಿ ತಾಯಿಯ ತವರು ಮನೆತನದ ಹೆಸರಿರುವುದರಿಂದ ಅದು ಈ ಕೆಲಸಕ್ಕೆ ಅತ್ಯುತ್ತಮ.

ಸಂಬಂಧವಾಚಕ ಪದಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಬರೆದಿರುವ ಸಂಬಂಧ ಯಜಮಾನನೊಡನೆ ಮಾತ್ರ. ಆ ಮನೆಯ ಪತ್ನಿಯೇ ಎಲ್ಲ ಮಕ್ಕಳ ತಾಯಿ ಎಂದು ಭಾವಿಸಲಾಗದು. ಇಂದು ಅಳಿಯನಿಗೆ ಮಾತ್ರ ಸಲ್ಲುವ ‘ಸನ್ ಇನ್ ಲಾ’ ಎಂಬ ಪದ ಆಗ ಮಲಮಗನಿಗೂ ಬಳಕೆಯಲ್ಲಿತ್ತು. ಜನ್ಮಸ್ಥಳವೂ ಒಂದು ಗಣತಿಯಲ್ಲಿ ಹಳ್ಳಿಯಾಗಿದ್ದರೆ ಇನ್ನೊಂದರಲ್ಲಿ ಸಮೀಪದ ಪಟ್ಟಣವಾಗಿರುತ್ತದೆ. ದೂರದವರು ಕೇಳಿದರೆ ನಾವೂ ತಾಲ್ಲೂಕು ಕೇಂದ್ರದ ಹೆಸರನ್ನೇ ಹೇಳುತ್ತೇವಲ್ಲವೆ?

1911ರಿಂದ ಮನೆಯವರೇ ತುಂಬಿದ ನಮೂನೆಗಳು ಉಳಿದಿವೆ. ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ಬದುಕಿದ್ದಾರೆ ಎಂಬ ಪ್ರಶ್ನೆಗಳು ಅದರಲ್ಲಿವೆ. ಮಹಿಳೆಯರ ಮತಾಧಿಕಾರಕ್ಕಾಗಿ ಹೋರಾಡುತ್ತಿದ್ದ ಅನೇಕರು ಆ ಗಣತಿಯನ್ನು ಬಹಿಷ್ಕರಿಸಿದರು. ಅಂದು ರಾತ್ರಿ ಸಂಸತ್ ಭವನದಲ್ಲಿ ಅಡಗಿದ್ದ ಎಮಿಲಿ ವೈಲ್ಡಿಂಗ್ ಡೇವಿಸನ್ ಅಲ್ಲಿಯೂ ತಮ್ಮ ಬಾಡಿಗೆ ಮನೆಯಲ್ಲಿಯೂ ಎರಡು ಬಾರಿ ದಾಖಲಾದರು. ಇಬ್ಬರಂತೆ ಕಾಣುವವರು ಒಬ್ಬರೇ ಆಗಿರುವ ಸಂಭವವೂ ಇದೆಯೆಂಬುದಕ್ಕೆ ಇದು ನಿದರ್ಶನ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಕುತೂಹಲಕರವಾದುದು ವೇಲ್ಸಿನ ಹಾಳೆ. 1891ರಲ್ಲಿ ಅಲ್ಲಿಯವರಿಗೆ ಮಾತ್ರ ಆಡುವ ಭಾಷೆ ಇಂಗ್ಲಿಷೋ, ವೆಲ್ಶೋ, ಎರಡೂವೋ ಎಂಬ ಪ್ರಶ್ನೆ ಸೇರಿತು. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಈ ಉತ್ತರವೂ ನೆರವಾಗುತ್ತದೆ. ಇನ್ನು ಬೆಂಗಳೂರು, ಬಳ್ಳಾರಿಗಳ ದಂಡುಪ್ರದೇಶಗಳಲ್ಲಿ ಹುಟ್ಟಿ ಇಂಗ್ಲೆಂಡಿಗೆ ಮರಳಿದವರ ಜನ್ಮಸ್ಥಳದ ಎದುರು ಬರಿಯ ‘ಈಸ್ಟ್ ಇಂಡೀಸ್’ ಎಂದಿದ್ದರೆ, ಮದರಾಸು ಪ್ರೆಸಿಡೆನ್ಸಿಯ ಚರ್ಚುಗಳಿಂದ ಲಂಡನ್ನಿಗೆ ಕಳುಹಿಸಿದ ದೀಕ್ಷಾಸ್ನಾನದ ಪ್ರತಿಗಳನ್ನು ನೋಡಬೇಕು. ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ನೂರು ವರ್ಷ ಮುಚ್ಚಿಡುವ ನಿಯಮದಂತೆ 1921ರ ಹಾಳೆಗಳು 2022ರಲ್ಲಿ ತೆರೆದುಕೊಂಡವು. 1931ರವು 1942ರ ಬೆಂಕಿಯಲ್ಲಿ ನಾಶವಾದವು; ಯುದ್ಧದ ಕಾರಣ 1941ರಲ್ಲಿ ಗಣತಿಯೇ ನಡೆಯಲಿಲ್ಲ. ಆ ಕಂದಕವನ್ನು ಸ್ವಲ್ಪಮಟ್ಟಿಗೆ ತುಂಬುವುದು 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿ. 1881ರ ಗಣತಿಯ ಅಕ್ಷರರೂಪವನ್ನು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಪ್ರೌಢಶಾಲೆಯ ಇತಿಹಾಸ ತರಗತಿಗೆ ಇದೊಂದು ಒಳ್ಳೆಯ ಅಭ್ಯಾಸ.

ಭಾರತದಲ್ಲಿ ಈ ದಾರಿ ಇಲ್ಲ. 1948ರ ಜನಗಣತಿ ಕಾಯಿದೆಯ 15ನೇ ಕಲಮಿನ ಪ್ರಕಾರ ಗಣತಿದಾರರ ದಾಖಲೆಗಳು ಸಾರ್ವಜನಿಕರ ಪರಿಶೀಲನೆಗೆ ತೆರೆದಿಲ್ಲ. ಸಿವಿಲ್ ವ್ಯವಹಾರಗಳಲ್ಲಿ ಸಾಕ್ಷ್ಯವಾಗಿಯೂ ಒಪ್ಪಿತವಲ್ಲ. ಮಾತೃಭಾಷೆಯ ಒಟ್ಟು ಅಂಕಿಗಳು ಪ್ರಕಟವಾಗುತ್ತವೆ, ಹೇಳಿದವರ ಹೆಸರಲ್ಲ. ಆದ್ದರಿಂದ ನಮ್ಮ ಕುಟುಂಬಗಳು ಶಾಲೆಯ ದಾಖಲಾತಿ ಪುಸ್ತಕದ ನಕಲು, ಹಳೆಯ ಕ್ರಯಪತ್ರ, ತೆರಿಗೆ ರಸೀದಿ ಇವನ್ನು ಒಟ್ಟಿಗಿಟ್ಟು, ಪ್ರತಿಯೊಂದರಲ್ಲಿಯೂ ಇರುವ ತಂದೆಯ ಹೆಸರು, ಮನೆತನ, ಊರುಗಳನ್ನು ತಾಳೆ ನೋಡಿ ಇಟ್ಟುಕೊಳ್ಳುವುದು ಒಳ್ಳೆಯದು.